ಟೈರ್ ದೊಡ್ಡದು ಹಾಕಿಸಿದ್ಮೇಲೆ ಮೈಲೇಜ್ ಬಿತ್ತು, ನಿಜವಾಗ್ಲೂ ಬಿತ್ತಾ?

ಬೂದಿ ಬಣ್ಣದ ಗಾಡಿ:
ನಮಸ್ಕಾರ ಎಲ್ರಿಗೂ. ನಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕಂಪನಿಯಿಂದ ಬಂದಿದ್ದು 185/65 ಆರ್15 ಟೈರು (ಅಗಲ 185 ಮಿಲಿಮೀಟರ್, ಪಕ್ಕದ ಗೋಡೆ ಎತ್ತರ ಅದರ 65 ಪರ್ಸೆಂಟ್, ರಿಮ್ 15 ಇಂಚು). ಹೋದ ತಿಂಗಳು ಆಸೆಗೆ ಬಿದ್ದು 16 ಇಂಚಿನ ಅಲಾಯ್ ರಿಮ್ ಹಾಕಿಸ್ದೆ, ಟೈರ್ 205/60. ನೋಡೋಕೇನೋ ಸಖತ್ತಾಗಿದೆ, ಆದ್ರೆ ಟ್ಯಾಂಕ್ ಟು ಟ್ಯಾಂಕ್ (ಫುಲ್ ಮಾಡ್ಸಿ, ಓಡ್ಸಿ, ಮತ್ತೆ ಫುಲ್ ಮಾಡ್ಸಿ ಹಾಕೋ ಲೆಕ್ಕ) ಲೀಟರಿಗೆ 18 ಕಿಲೋಮೀಟರ್ ಕೊಡ್ತಿದ್ದ ಗಾಡಿ ಈಗ ಮೂರು ಟ್ಯಾಂಕಿಂದ 16.5 ದಾಟ್ತಾನೇ ಇಲ್ಲ. ಅದೇ ರೋಡು, ಅದೇ ಡ್ರೈವರ್ರು. ಟೈರ್ ಅಂಗಡಿಯವ್ನನ್ನ ಕೇಳಿದ್ರೆ ಅಗಲ ಟೈರ್ ಅಂದ್ಮೇಲೆ ಕುಡಿದೇ ಕುಡಿಯುತ್ತೆ ಅಂತ ಕೈ ತೊಳ್ಕೊಂಡ್ಬಿಟ್ಟ. ಒಂದೂವರೆ ಕಿಲೋಮೀಟರ್ ಬರೀ ಟೈರಿಗೆ ಹೋಗುತ್ತಾ? ಹಳೆ ಚಕ್ರ ಮನೇಲೇ ಇದೆ, ವಾಪಸ್ ಹಾಕ್ಸಿಬಿಡ್ಲಾ?

ಸ್ಪ್ಯಾನರ್ 13:
ತಡೀರಿ ಸರ್, ಮೊದ್ಲು ಕಿಲೋಮೀಟರ್ ಸರಿ ಮಾಡ್ಕೊಳ್ಳಿ. ಹಳೆ ಟೈರಿನ ವ್ಯಾಸ 621 ಮಿಲಿಮೀಟರ್ ಚಿಲ್ಲರೆ, ಹೊಸದು 652. ಅಂದ್ರೆ ಚಕ್ರ ಒಂದು ಸುತ್ತು ಹಾಕಿದ್ರೆ ಗಾಡಿ ಮೊದಲಿಗಿಂತ ಹೆಚ್ಚುಕಮ್ಮಿ 10 ಸೆಂಟಿಮೀಟರ್ ಜಾಸ್ತಿ ಮುಂದಕ್ಕೆ ಹೋಗುತ್ತೆ, ಆದ್ರೆ ಗಾಡಿಗೆ ಅದು ಗೊತ್ತಿಲ್ಲ, ಅದು ಸುತ್ತು ಎಣಿಸಿ ಹಳೆ ಲೆಕ್ಕದಲ್ಲೇ ಕಿಲೋಮೀಟರ್ ಬರೀತಾ ಕೂತಿದೆ. ನೀವು 105 ಓಡ್ಸಿದ್ರೆ ಮೀಟರಲ್ಲಿ 100. ನಿಮ್ಮ 16.5ನ 1.05ರಿಂದ ಗುಣಿಸಿ ನೋಡಿ, 17.3 ಬರುತ್ತೆ. ಬಿದ್ದಿರೋದು ಒಂದೂವರೆ ಅಲ್ಲ, 0.7 ಅಷ್ಟೇ.
ಡ್ಯಾಶ್‌ಬೋರ್ಡ್ ತೋರ್ಸೋ ಆವರೇಜೂ ಇದೇ ತಪ್ಪು ಕಿಲೋಮೀಟರ್ ಇಟ್ಕೊಂಡೇ ಭಾಗಿಸೋದು, ಹಾಗಾಗಿ ಅದನ್ನೂ ನಂಬ್ಬೇಡಿ.

ನಿಧಾನವೇ ಪ್ರಧಾನ:
ಲೆಕ್ಕ ಸರಿ, ಆದ್ರೆ ಆ 0.7 ನಿಜವಾದ ಲಾಸೇ ಅಲ್ವಾ. ದೊಡ್ಡ ಅಲಾಯ್, ದೊಡ್ಡ ಟೈರು ಸೇರಿ ತೂಕ ಜಾಸ್ತಿ ಆಗಿರುತ್ತೆ, ಸಿಗ್ನಲ್ ಸಿಗ್ನಲಲ್ಲೂ ನಿಂತು ಹೊರಡೋವಾಗ ಅಷ್ಟೂ ಭಾರ ತಿರುಗಿಸ್ಬೇಕು. ಹೈವೇಲಿ ಆರ್‌ಪಿಎಂ, ಅಂದ್ರೆ ಇಂಜಿನ್ ನಿಮಿಷಕ್ಕೆ ತಿರುಗೋ ಸುತ್ತು, ಸ್ವಲ್ಪ ಕಮ್ಮಿ ಆಗಿರುತ್ತೆ, ಅದೊಂದು ಲಾಭ, ಆದ್ರೆ ಏರು ಬಂದ ತಕ್ಷಣ ಒಂದು ಗೇರ್ ಇಳಿಸ್ಬೇಕಾಗುತ್ತೆ, ಅಲ್ಲಿಗೆ ಅದೂ ಹೋಯ್ತು. ಅದೇ ರಿಮ್ಮಿಗೆ 195/55 ಹಾಕಿದ್ರೆ ವ್ಯಾಸ ಹಳೇದಕ್ಕೆ ಒಂದು ಮಿಲಿಮೀಟರ್ ಕೂಡ ವ್ಯತ್ಯಾಸ ಬರ್ತಿರ್ಲಿಲ್ಲ, ಈ ತಲೆನೋವೇ ಇರ್ತಿರ್ಲಿಲ್ಲ.

ಚೈನ್ ಲೂಬ್:
ಬೈಕಲ್ಲಿ ಇದಕ್ಕಿಂತ ಮಜಾ ಗುರು. ಚೈನ್ ತಿರುಗಿಸೋ ಮುಂದಿನ ಹಲ್ಲಿನ ಚಕ್ರ, ಅಂದ್ರೆ ಸ್ಪ್ರಾಕೆಟ್, 14 ಹಲ್ಲಿಂದು ತೆಗೆದು 15 ಹಾಕ್ಸಿದ್ದೆ, ಮೈಲೇಜ್ ಒಂಚೂರು ಬಿತ್ತು ಅಂತ ಒಂದು ವಾರ ಬೈಕನ್ನೇ ಬೈದೆ. ಆಮೇಲೆ ಗೊತ್ತಾಯ್ತು ನನ್ ಗಾಡೀಲಿ ಸ್ಪೀಡ್ ಸೆನ್ಸರ್ ಇರೋದು ಗೇರ್‌ಬಾಕ್ಸ್ ಹತ್ರ, ಹಿಂದಿನ ಚಕ್ರ 7 ಪರ್ಸೆಂಟ್ ಜಾಸ್ತಿ ತಿರುಗಿದ್ರೂ ಅದಕ್ಕೆ ಸುದ್ದಿನೇ ಇಲ್ಲ. ಸೆನ್ಸರ್ ಮುಂದಿನ ಚಕ್ರದಲ್ಲಿರೋ ಬೈಕಾಗಿದ್ರೆ ಸ್ಪ್ರಾಕೆಟ್ ಏನೇ ಬದಲಾಯಿಸಿದ್ರೂ ಮೀಟರ್ ಅಲ್ಲಾಡಲ್ಲ.

ಅರ್ಧ ಟ್ಯಾಂಕ್:
ಆಮೇಲಿಂದ ಸಿಎನ್‌ಜಿ ಕಿಟ್ ಹಾಕ್ಸಿದವ್ರು ಡಿಸ್‌ಪ್ಲೇ ನೋಡಿ ಖುಷಿ ಪಡೋದು ಬಿಡಿ. ಓಡ್ತಿರೋದು ಗ್ಯಾಸಲ್ಲಿ, ಆದ್ರೆ ಪೆಟ್ರೋಲ್ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ನಾನೇ ಪೆಟ್ರೋಲ್ ಇಂಜೆಕ್ಟ್ ಮಾಡ್ತಿದೀನಿ ಅಂದ್ಕೊಂಡು ಲೆಕ್ಕ ಹಾಕ್ತಾ ಇರುತ್ತೆ, ಹಾಗಾಗಿ ಅಲ್ಲಿ ಕಾಣೋ ಮೈಲೇಜ್ ಗ್ಯಾಸಿಂದಲ್ಲ.

ಬೂದಿ ಬಣ್ಣದ ಗಾಡಿ:
ಭಾನುವಾರ ಫೋನಲ್ಲಿ ಜಿಪಿಎಸ್ ಹಾಕ್ಕೊಂಡು ಹೈವೇಲಿ 100 ಕಿಲೋಮೀಟರ್ ಹೋಗ್ಬಂದೆ, ಟ್ರಿಪ್ ಮೀಟರಲ್ಲಿ 95.3! ಸ್ಪ್ಯಾನರ್ ಸರ್ ನಿಮಗೊಂದು ದೊಡ್ಡ ನಮಸ್ಕಾರ. ಇನ್ನೊಂದು ವಿಷ್ಯ, ಮೊದ್ಲು ಜಿಪಿಎಸ್ 80 ಅಂದಾಗ ಸ್ಪೀಡೋಮೀಟರ್ ಮುಳ್ಳು 84 ತೋರ್ಸ್ತಿತ್ತು, ಈಗ ಎರಡೂ 80. ಇದು ಒಳ್ಳೇದೇ ಅಲ್ವಾ?

ಸ್ಪ್ಯಾನರ್ 13:
ಒಳ್ಳೇದಲ್ಲ ಸರ್. ಕಂಪನಿಯವ್ರು ಸ್ಪೀಡೋಮೀಟರ್ ಬೇಕಂತಲೇ ಸ್ವಲ್ಪ ಜಾಸ್ತಿ ತೋರ್ಸೋ ಹಾಗೆ ಇಡ್ತಾರೆ, ನಿಜವಾದ ಸ್ಪೀಡಿಗಿಂತ ಕಮ್ಮಿ ಅಂತೂ ತೋರಿಸ್ಬಾರ್ದು. ನೀವು ಆ ಮಾರ್ಜಿನ್ ಪೂರ್ತಿ ತಿಂದಾಗಿದೆ. ಸರ್ವಿಸೂ ಅಷ್ಟೇ, ಮೀಟರ್ 10,000 ಅಂದಾಗ ಇಂಜಿನ್ ಆಯಿಲ್ 10,500 ಓಡಿರುತ್ತೆ, 9,500ಕ್ಕೇ ಬದಲಾಯ್ಸಿ. ಚಕ್ರ ವಾಪಸ್ ಹಾಕೋದು ಬಿಡೋದು ನಿಮ್ಮಿಷ್ಟ, ನಾನಾಗಿದ್ರೆ ಅಲಾಯ್ ಇಟ್ಕೊಂಡು ಟೈರ್ ಮಾತ್ರ ಬದಲಾಯಿಸ್ತಿದ್ದೆ.