ನಲ್ಲಿಯಲ್ಲಿ ರಭಸವಿದೆ, ಷವರಿನಲ್ಲಿ ಇಲ್ಲ: ಗೋಡೆ ಒಡೆಯಬೇಕೇ?

ಪ್ರಶ್ನೆ: ಗೋಡೆಯೊಳಗೆ ಹೊಸ ಡೈವರ್ಟರ್ (ನೀರನ್ನು ನಲ್ಲಿಗೋ ಷವರಿಗೋ ತಿರುಗಿಸುವ ವಾಲ್ವ್) ಕೂರಿಸಿ ಒಂದು ತಿಂಗಳಾಗಿದೆ. ಅದರ ಕೆಳಗಿನ ನಲ್ಲಿಯಿಂದ 10 ಲೀಟರಿನ ಬಕೆಟ್ ಸುಮಾರು 55 ಸೆಕೆಂಡಿನಲ್ಲಿ ತುಂಬುತ್ತದೆ. ಷವರಿಗೆ ತಿರುಗಿಸಿದರೆ ಮೂರು ನಿಮಿಷ ಬೇಕು. ಟ್ಯಾಂಕಿನ ನೀರಿನ ಮಟ್ಟ ಷವರಿಗಿಂತ ಸುಮಾರು 3 ಮೀಟರ್ ಮೇಲಿದೆ. ಈಗಿರುವ ಅರ್ಧ ಇಂಚಿನ ಪೈಪ್ ತೆಗೆದು ಮುಕ್ಕಾಲು ಇಂಚಿನದನ್ನು ಹಾಕಿಸಬೇಕೆ?

ಉತ್ತರ: ಸದ್ಯಕ್ಕೆ ಗೋಡೆಯನ್ನು ಮುಟ್ಟಬೇಡಿ. 10 ಮೀಟರ್ ಎತ್ತರದ ನೀರು ಹೆಚ್ಚುಕಡಿಮೆ 1 ಬಾರ್ ಒತ್ತಡ ಕೊಡುವುದರಿಂದ ನಿಮ್ಮ ಷವರಿಗೆ ಸಿಗುವುದು 0.3 ಬಾರ್ ಮಾತ್ರ, ಮತ್ತು ಎಷ್ಟು ದಪ್ಪ ಪೈಪ್ ಹಾಕಿದರೂ ಅದು ಹೆಚ್ಚುವುದಿಲ್ಲ. ನೀರು ಹರಿಯುವಾಗ ದಾರಿಯಲ್ಲಿ ಆಗುವ ನಷ್ಟವಷ್ಟೇ ಕಡಿಮೆಯಾಗುತ್ತದೆ. ಅದೇ ವಾಲ್ವಿನ ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತಿರುವಾಗ, ವಾಲ್ವಿನವರೆಗಿನ ಪೈಪನ್ನು ದೂರುವುದು ಸರಿಯಲ್ಲ. ನಲ್ಲಿ ಷವರಿಗಿಂತ ಒಂದು ಮೀಟರಿನಷ್ಟು ಕೆಳಗಿದೆ ಎಂದುಕೊಂಡರೂ, ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ, ಆ ಎತ್ತರದ ವ್ಯತ್ಯಾಸಕ್ಕೆ ಮೂರು ಪಟ್ಟು ಅಂತರ ಬರಲಾರದು. ಷವರಿನ ತಲೆಯನ್ನು ಬಿಚ್ಚಿ, ಬರಿಯ ಪೈಪಿಗೆ ಬಕೆಟ್ ಹಿಡಿದು ಸಮಯ ನೋಡಿ ತಿಳಿಸಿ. (ನಾನು ಹಿಂದೊಮ್ಮೆ ಇದನ್ನು ಮಾಡದೆ ಎರಡು ಟೈಲ್ ಒಡೆಸಿಕೊಂಡಿದ್ದೇನೆ.)

ಪ್ರಶ್ನೆ ಕೇಳಿದವರು: ಬರಿಯ ಪೈಪಿನಲ್ಲಿ 65 ಸೆಕೆಂಡಿಗೆ ತುಂಬಿತು. ಬಿಚ್ಚಿದ ತಲೆಯ ಕುತ್ತಿಗೆಯೊಳಗೆ ಒಂದು ಜಾಲರಿ, ಅದರ ಹಿಂದೆ ನಡುವೆ ಸಣ್ಣ ತೂತಿರುವ ಪ್ಲಾಸ್ಟಿಕ್ ಬಿಲ್ಲೆ ಇವೆ. ಜಾಲರಿಯ ಮೇಲೆ ಮರಳಿನ ಕಣಗಳೂ ಬಿಳಿ ಟೆಫ್ಲಾನ್ ಟೇಪಿನ ಎಳೆಗಳೂ ಅಂಟಿಕೊಂಡಿದ್ದವು.

ಉತ್ತರ: ಹಾಗಾದರೆ ತೊಂದರೆ ಅಲ್ಲಿಯೇ ಇದೆ. ಬಿಲ್ಲೆಯಿರುವುದು ಹೆಚ್ಚು ಒತ್ತಡವಿರುವಲ್ಲಿ ನೀರು ಉಳಿಸುವುದಕ್ಕೆ, 0.3 ಬಾರಿನಲ್ಲಿ ಅದರ ಅಗತ್ಯವಿಲ್ಲ, ತೆಗೆದಿಡಿ. ಜಾಲರಿಯನ್ನು ತೊಳೆದು ಮತ್ತೆ ಕೂರಿಸಿ, ಇಲ್ಲದಿದ್ದರೆ ಕಸ ತಲೆಯ ತೂತುಗಳಿಗೆ ಸೇರುತ್ತದೆ. ಹೊಸ ಟೇಪನ್ನು ಪೈಪಿನ ತುದಿಯ ಮೊದಲ ತಿರುಪಿನ ಸುತ್ತು ಬಿಟ್ಟು ಸುತ್ತಿದರೆ ಅದರ ಚೂರು ಒಳಗೆ ಹೋಗುವುದಿಲ್ಲ. ನಿಮ್ಮ ತಲೆ ಅಗಲವಾದ ಮಳೆ ಷವರ್ ಆಗಿದ್ದರೆ, ಇರುವ ನೀರು ನೂರಾರು ತೂತುಗಳಿಗೆ ಹಂಚಿಹೋಗಿ ಹನಿಹನಿಯಾಗಿ ಬೀಳುತ್ತದೆ; ಕಡಿಮೆ ಒತ್ತಡಕ್ಕೆಂದೇ ಮಾಡಿದ ಚಿಕ್ಕ ತಲೆಯೇ ಮೇಲು.

ಪ್ರಶ್ನೆ ಕೇಳಿದವರು: ಬಿಲ್ಲೆ ತೆಗೆದು ಜಾಲರಿ ತೊಳೆದ ಮೇಲೆ 80 ಸೆಕೆಂಡಿಗೆ ಇಳಿದಿದೆ. ತಲೆ ಅಗಲದ್ದೇ; ಚಿಕ್ಕದನ್ನು ತರುತ್ತೇನೆ.