ಈಸ್ಟರ್‌ಕಾನ್‌ಗೆ ಒಬ್ಬಳೇ ಹೋಗಬಹುದೇ?

ಲೀಡ್ಸ್‌ವಾಸಿ: ಬ್ರಿಟನ್ನಿನ ವೈಜ್ಞಾನಿಕ ಕಥಾಭಿಮಾನಿಗಳು ಈಸ್ಟರ್ ರಜೆಯಲ್ಲಿ ನಡೆಸುವ ಈಸ್ಟರ್‌ಕಾನ್ ಸಮ್ಮೇಳನಕ್ಕೆ ಮೊದಲ ಬಾರಿ ಹೊರಟಿದ್ದೇನೆ. ಪರಿಚಯದವರು ಯಾರೂ ಇಲ್ಲ. ಸಿನಿಮಾ ನಟರು ಬರುತ್ತಾರೆಯೇ? ಸಹಿಗೆ ಹಣ ಕೊಡಬೇಕೇ?

ಪುಸ್ತಕದಹುಳು: ನಟರನ್ನೇ ನೋಡಬೇಕಿದ್ದರೆ ದಯವಿಟ್ಟು ವ್ಯಾಪಾರಿ ಕಾಮಿಕ್ ಮೇಳಗಳಿಗೆ ಹೋಗಿ, ಅಲ್ಲಿ ಸಾಲಿನಲ್ಲಿ ನಿಂತು ಸುಸ್ತಾಗಿ. ಇಲ್ಲಿ ಅಧ್ಯಕ್ಷರಿಂದ ಹಿಡಿದು ಕುರ್ಚಿ ಜೋಡಿಸುವವರವರೆಗೆ ಎಲ್ಲರೂ ಸ್ವಯಂಸೇವಕರು. ಲೇಖಕರು ಸಾಮಾನ್ಯವಾಗಿ ಪುಕ್ಕಟೆಯಾಗಿಯೇ ಸಹಿ ಹಾಕುತ್ತಾರೆ. ಸಮ್ಮೇಳನದ ಸದಸ್ಯರಾದರೆ ಬಿಎಸ್‌ಎಫ್‌ಎ (ಬ್ರಿಟಿಷ್ ವೈಜ್ಞಾನಿಕ ಕಥಾ ಸಂಘ) ಪ್ರಶಸ್ತಿಗೆ ಮತ ಹಾಕಬಹುದು. ಮುಂದಿನ ವರ್ಷಗಳ ಸಮ್ಮೇಳನ ಯಾರು, ಎಲ್ಲಿ ನಡೆಸಬೇಕೆಂಬುದಕ್ಕೂ ಅಲ್ಲೇ ಕೈಯೆತ್ತಬಹುದು. ಆ ಸಭೆಯ ವಾಗ್ವಾದ ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಗೆ ಕಡಿಮೆಯೇನಲ್ಲ!

2024ರ ಆಗಸ್ಟ್‌ನಲ್ಲಿ ಗ್ಲಾಸ್ಗೋದ ವರ್ಲ್ಡ್‌ಕಾನ್‌ಗೂ (ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ) ಒಬ್ಬಳೇ ಹೋಗಿದ್ದೆ. ಸ್ವಯಂಸೇವೆಗೆ ಹೆಸರು ಕೊಟ್ಟೆ, ಬ್ಯಾಡ್ಜ್ ಹಂಚುವ ಮೇಜಿಗೆ ಹಾಕಿದರು. ಮಧ್ಯಾಹ್ನದೊಳಗೆ ಮಾತಿಗೆ ಜನ ಸಿಕ್ಕಿದ್ದರು. ನೀವೂ ಹಾಗೆಯೇ ಮಾಡಿ. ರಾತ್ರಿ ‘ಫಿಲ್ಕ್’, ಅಂದರೆ ವೈಜ್ಞಾನಿಕ ಕಥಾಭಿಮಾನಿಗಳೇ ಕಟ್ಟಿ ಹಾಡುವ ಹಾಡುಗಾರಿಕೆಯನ್ನು ತಪ್ಪಿಸಬೇಡಿ. ಶ್ರುತಿಯ ಬಗ್ಗೆ ಮಾತ್ರ ಕೇಳಬೇಡಿ.

ಚಟ್ನಿಪುಡಿ: ಹಳಬರ ಲೆಕ್ಕ ನೆನಪಿರಲಿ: ದಿನಕ್ಕೆ ಕನಿಷ್ಠ 5 ಗಂಟೆ ನಿದ್ದೆ, 2 ಊಟ, 1 ಸ್ನಾನ. ಮೂರನೆಯದನ್ನು ಎಲ್ಲರೂ ಪಾಲಿಸುವುದಿಲ್ಲ.

ಲೀಡ್ಸ್‌ವಾಸಿ: ಹೆಸರು ಕೊಟ್ಟೆ. ಕಲಾ ಪ್ರದರ್ಶನದ ಕೆಲಸ ಸಿಕ್ಕಿದೆ.