ವಿಂಡೋಸ್ 98ಕ್ಕೆ 1 ಜಿಬಿ ರ‍್ಯಾಮ್ ಹಾಕಿದರೆ ಬೂಟ್ ಆಗ್ತಿಲ್ಲ

ಹಳೇಪೆಟ್ಟಿಗೆ:
ಪೆಂಟಿಯಂ 4 ಬೋರ್ಡ್, ಎಜಿಪಿ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 98 ಸೆಕೆಂಡ್ ಎಡಿಷನ್. 512 ಎಂಬಿಯ ಎರಡು ಸ್ಟಿಕ್ ಹಾಕಿದರೆ ಬಯಾಸ್ 1 ಜಿಬಿ ಅಂತ ಸರಿಯಾಗೇ ತೋರಿಸುತ್ತೆ. ವಿಂಡೋಸ್ ಮಾತ್ರ ಮೆಮೊರಿ ಸಾಲದು ಅಂತ ಹೇಳಿ ನಿಂತುಬಿಡುತ್ತೆ. ಯಾವುದಾದರೂ ಒಂದು ಸ್ಟಿಕ್ ತೆಗೆದರೆ ಬೂಟ್ ಆಗುತ್ತೆ. ಸ್ಟಿಕ್ ಕೆಟ್ಟಿದೆಯಾ?

ಡಾಸ್‌ಪ್ರಿಯ:
ಸ್ಟಿಕ್ ಚೆನ್ನಾಗೇ ಇದೆ. ತಕರಾರು ವಿಕ್ಯಾಶ್‌ದು, ಅಂದರೆ ಡಿಸ್ಕ್‌ನಿಂದ ಓದಿದ್ದನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಡಿಸ್ಕ್ ಕ್ಯಾಶ್ ಡ್ರೈವರ್‌ದು. ಅದು ಬೂಟ್ ಆಗುವಾಗಲೇ ಎಷ್ಟು ರ‍್ಯಾಮ್ ಇದೆ ಅಂತ ನೋಡಿ, ಅದಕ್ಕೆ ತಕ್ಕಷ್ಟು ಮೆಮೊರಿ ವಿಳಾಸಗಳನ್ನು ಕಾದಿರಿಸಿಕೊಳ್ಳುತ್ತೆ. ಆ ವಿಳಾಸಗಳು ಸಿಗೋದು ವಿಂಡೋಸ್‌ನ ಒಟ್ಟು 4 ಜಿಬಿ ವಿಳಾಸಗಳ ಪೈಕಿ 3ರಿಂದ 4 ಜಿಬಿವರೆಗಿನ ಸಿಸ್ಟಂ ಭಾಗದಲ್ಲಿ. ಎಜಿಪಿ ಅಪರ್ಚರ್‌ಗೂ (ಗ್ರಾಫಿಕ್ಸ್ ಕಾರ್ಡ್ ರ‍್ಯಾಮ್ ಬಳಸಲು ಕಾದಿರಿಸುವ ವಿಳಾಸಗಳಿಗೂ) ಅಲ್ಲೇ ಜಾಗ ಬೇಕು. ರ‍್ಯಾಮ್ ಹೆಚ್ಚಿದಷ್ಟೂ ವಿಳಾಸಗಳೇ ತೀರಿಹೋಗುತ್ತವೆ. ಹಾಗಾಗಿ ಖಾಲಿ ಆಗಿರೋದು ವಿಳಾಸ, ರ‍್ಯಾಮ್ ಅಲ್ಲ.

ಬೂಟ್ ಆಗುವಾಗ ಕಂಟ್ರೋಲ್ ಕೀ ಒತ್ತಿ ಹಿಡಿದು, ಮೆನುವಿನಲ್ಲಿ 'ಕಮಾಂಡ್ ಪ್ರಾಂಪ್ಟ್ ಓನ್ಲಿ' ಆರಿಸಿ. ವಿಂಡೋಸ್ ಫೋಲ್ಡರ್‌ನಲ್ಲಿರುವ ಸಿಸ್ಟಂ.ಐಎನ್‌ಐ ಫೈಲನ್ನು ಮೊದಲು ಕಾಪಿ ಮಾಡಿಟ್ಟುಕೊಂಡು, ಎಡಿಟ್ ಕಮಾಂಡ್‌ನಲ್ಲಿ ತೆರೆಯಿರಿ. [ವಿಕ್ಯಾಶ್] ಅನ್ನೋ ಸಾಲಿನ ಕೆಳಗೆ ಹೀಗೆ ಸೇರಿಸಿ:

ಮ್ಯಾಕ್ಸ್‌ಫೈಲ್‌ಕ್ಯಾಶ್=262144

ಈ ಸಂಖ್ಯೆ ಕೆಬಿ ಲೆಕ್ಕದ್ದು, ಅಂದರೆ 256 ಎಂಬಿ. ಮೈಕ್ರೋಸಾಫ್ಟ್ 512 ಎಂಬಿ ಅಥವಾ ಅದಕ್ಕಿಂತ ಕಡಿಮೆ ಇಡಿ ಅಂತ ಹೇಳಿತ್ತು. ಎಜಿಪಿ ಕಾರ್ಡ್ ಇರುವಾಗ ಅಷ್ಟು ಕೊಡೋದು ನನ್ನ ಪ್ರಕಾರ ಅನವಶ್ಯಕ.

ಹೆಕ್ಸ್‌ಭಟ್ಟ:
ಮೇಲಿನದು ಸರಿ. ಅದಾದಮೇಲೂ ಹಟ ಮಾಡಿದರೆ ಬಯಾಸ್‌ನಲ್ಲಿ ಎಜಿಪಿ ಅಪರ್ಚರ್ 64 ಎಂಬಿಗೆ ಇಳಿಸಿ. ಕೊನೆಯ ಉಪಾಯ, ಅದೇ ಫೈಲ್‌ನ [386ಎನ್ಹ್] ಕೆಳಗೆ ಮ್ಯಾಕ್ಸ್‌ಫಿಸ್‌ಪೇಜ್=30000 ಬರೆಯೋದು. ಆಗ ವಿಂಡೋಸ್ 768 ಎಂಬಿ ಮಾತ್ರ ಬಳಸುತ್ತೆ. 20000 ಕೊಟ್ಟರೆ 512.

ಇಲ್ಲಿ ಬಹಳ ಜನ ಎಡವುತ್ತಾರೆ: ಇದು 4 ಕೆಬಿ ಪೇಜ್‌ಗಳ (ಮೆಮೊರಿ ತುಂಡುಗಳ) ಲೆಕ್ಕ, ಅದೂ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ 16ರ ಆಧಾರದ ಸಂಖ್ಯೆಯಲ್ಲಿ. 512 ಎಂಬಿ ಅಂದರೆ 131072 ಪೇಜ್ ಅಂತ ಗುಣಿಸಿ ಅದನ್ನೇ ಬರೆದರೆ, ವಿಂಡೋಸ್ ಅದನ್ನು ಹೆಕ್ಸ್ ಅಂತಲೇ ಓದುತ್ತೆ. ಮಿತಿ 4 ಜಿಬಿ ದಾಟಿ ಹೋಗಿ, ಸಾಲು ಬರೆದೂ ಬರೆಯದಂತೆ.

ಹಳೇಪೆಟ್ಟಿಗೆ:
ಮ್ಯಾಕ್ಸ್‌ಫೈಲ್‌ಕ್ಯಾಶ್ ಒಂದಕ್ಕೇ ಬೂಟ್ ಆಯ್ತು, ಥ್ಯಾಂಕ್ಸ್. ಆದರೆ ಎಂಟ್ಹತ್ತು ವಿಂಡೋ ತೆರೆದರೆ 'ಸಿಸ್ಟಂ ರಿಸೋರ್ಸಸ್ ಕಡಿಮೆ' ಅಂತ ಈಗಲೂ ಬರ್ತಿದೆಯಲ್ಲ?

ಡಾಸ್‌ಪ್ರಿಯ:
ಅದಕ್ಕೂ ರ‍್ಯಾಮ್‌ಗೂ ಸಂಬಂಧ ಇಲ್ಲ. ವಿಂಡೋ, ಮೆನು ನೋಡಿಕೊಳ್ಳುವ ಯೂಸರ್, ಚಿತ್ರ ಬಿಡಿಸುವ ಜಿಡಿಐ, ವಿಂಡೋಸ್‌ನ ಈ ಎರಡೂ ಭಾಗಗಳಲ್ಲಿ 16-ಬಿಟ್ ಕಾಲದ 64 ಕೆಬಿ ಹೀಪ್‌ಗಳು (ಮಾಹಿತಿ ಇಡುವ ಮೆಮೊರಿ ಜಾಗಗಳು) ಹಾಗೇ ಉಳಿದಿವೆ. ಅವು ತುಂಬಿದಾಗ ಬರುವ ಎಚ್ಚರಿಕೆ ಅದು. ರಿಸೋರ್ಸ್ ಮೀಟರ್ ಹಾಕಿಕೊಂಡು ಯಾವ ಪ್ರೋಗ್ರಾಂ ತಿನ್ನುತ್ತಿದೆ ನೋಡಿ, ಅದನ್ನು ಮುಚ್ಚಿ. ಮುಚ್ಚಿದ ಮೇಲೂ ಖಾಲಿ ಇರುವ ಶೇಕಡಾವಾರು ಮೇಲೇರದಿದ್ದರೆ ರೀಸ್ಟಾರ್ಟ್ ಮಾಡಲೇಬೇಕು.